ಕಟ್ಟುವ ಮೊದಲೇ ಮನೆಯೊಳಗೆ ಓಡಾಟ

ಹೊಸ ಮನೆ ಕಟ್ಟಿಸುವವರ ಕೈಗೆ ಮೊದಲು ಸಿಗುವುದು ಒಂದು ನಕ್ಷೆ. ಜಗಲಿ ಇಷ್ಟಡಿ, ಚಾವಡಿ ಇಷ್ಟಡಿ, ಅಡುಗೆಮನೆ ಇಲ್ಲಿ, ಕಿಟಕಿ ಅಲ್ಲಿ. ನಕ್ಷೆ ಓದಲು ಬಲ್ಲವರಿಗೆ ಅದರಲ್ಲಿ ಎಲ್ಲವೂ ಇದೆ. ಆದರೆ ಮನೆಯ ಯಜಮಾನಿ ಕೇಳುವ ಪ್ರಶ್ನೆಗಳೇ ಬೇರೆ. ಸಂಜೆ ಚಾವಡಿಯಲ್ಲಿ ಕುಳಿತರೆ ಕಣ್ಣಿಗೆ ಬಿಸಿಲು ಹೊಡೆಯುತ್ತದೆಯೇ? ನಡುಕೋಣೆಯಲ್ಲಿ ಹಗಲಲ್ಲೂ ದೀಪ ಹಾಕಬೇಕಾದೀತೇ? ಈ ಪ್ರಶ್ನೆಗಳಿಗೆ ನಕ್ಷೆ ನೇರವಾಗಿ ಉತ್ತರ ಕೊಡುವುದಿಲ್ಲ. ಉತ್ತರ ತಿಳಿಯುವ ಹೊತ್ತಿಗೆ ಗೋಡೆ ಎದ್ದಿರುತ್ತದೆ! ಮುರಕಲ್ಲಿನ ಗೋಡೆಯನ್ನು ಕೆಡವಿ ಕಿಟಕಿ ಇಡಲು ಸಾವಿರಾರು ರೂಪಾಯಿ ಬೇಕು. ಗಣಕದ ಪರದೆಯ ಮೇಲಿನ ಗೋಡೆಯಲ್ಲಿ ಕಿಟಕಿ ಇಡಲು ಒಂದು ಕ್ಷಣ ಸಾಕು.

ಈ ಕೆಲಸಕ್ಕಾಗಿಯೇ ಇರುವ ಸಾಧನ 'ರಿಯಲ್ ಟೈಮ್ ವ್ಯೂಯರ್', ಅಂದರೆ ಮೂರು ಆಯಾಮಗಳ ವಿನ್ಯಾಸವನ್ನು ತತ್‌ಕ್ಷಣವೇ ತೋರಿಸುವ ತಂತ್ರಾಂಶ. ನೀವು ಮೌಸ್ ಸರಿಸಿದಂತೆ ಪರದೆಯ ಮೇಲಿನ ಮನೆ ತಿರುಗುತ್ತದೆ. ಬಾಗಿಲಿನಿಂದ ಒಳಗೆ ನಡೆಯಬಹುದು, ಸೂರ್ಯನನ್ನು ಪೂರ್ವದಿಂದ ಪಶ್ಚಿಮಕ್ಕೆ ಎಳೆಯಬಹುದು, ನೆಲಕ್ಕೆ ಕಾವಿ ಬಳಿದು ನೋಡಬಹುದು. ಮಣಿಪಾಲದಂಥ ಕಡೆ ವಾಸ್ತುಶಿಲ್ಪ ಕಲಿಯುವ ವಿದ್ಯಾರ್ಥಿಗಳಿಗೆ ಇಂಥ ತಂತ್ರಾಂಶಗಳು ಪೆನ್ಸಿಲ್ಲಿನಷ್ಟೇ ಪರಿಚಿತ. ಎನ್‌ಸ್ಕೇಪ್, ಟ್ವಿನ್‌ಮೋಷನ್, ಲ್ಯೂಮಿಯಾನ್ ಇವು ಕೆಲವು ಹೆಸರುಗಳು. ಉಚಿತವಾಗಿ ದೊರೆಯುವ ಬ್ಲೆಂಡರ್ ತಂತ್ರಾಂಶದಲ್ಲಿ 2019ರ 2.80ನೇ ಆವೃತ್ತಿಯಿಂದ 'ಈವೀ' ಎಂಬ ಇಂಥದೇ ವ್ಯವಸ್ಥೆ ಇದೆ.

ಆದರೆ ಒಂದು ಎಚ್ಚರಿಕೆ. ಈ ವ್ಯೂಯರ್ ವೇಗವಾಗಿ ಕೆಲಸ ಮಾಡುವುದು ಕೆಲವು ಲೆಕ್ಕಗಳನ್ನು ಬಿಟ್ಟುಬಿಡುವುದರಿಂದ. ಯಾವ ಲೆಕ್ಕ ಬಿಟ್ಟಿದೆ ಎಂದು ತಿಳಿದವನಿಗೆ ಅದು ಒಳ್ಳೆಯ ಸಲಹೆಗಾರ. ತಿಳಿಯದವನಿಗೆ ಅದು ಬರೀ ಅಂದದ ಚಿತ್ರ.

ಒಂದು ಚಿತ್ರಕ್ಕೆ ಎಷ್ಟು ಲೆಕ್ಕ?

ಪರದೆಯ ಮೇಲಿನ ಚಿತ್ರ ಬಣ್ಣದ ಚುಕ್ಕೆಗಳಿಂದ ಆದದ್ದು. ಅಡ್ಡಲಾಗಿ 1,920, ಉದ್ದಕ್ಕೆ 1,080 ಚುಕ್ಕೆಗಳಿರುವ ಸಾಮಾನ್ಯ ಪರದೆಯಲ್ಲಿ ಒಟ್ಟು 20 ಲಕ್ಷದ 73 ಸಾವಿರದ 600 ಚುಕ್ಕೆಗಳಿವೆ. ನೀವು ನಡೆದಂತೆ ದೃಶ್ಯ ತಡವರಿಸದೆ ಬದಲಾಗಬೇಕಾದರೆ ಸೆಕೆಂಡಿಗೆ ಕನಿಷ್ಠ 30 ಚಿತ್ರಗಳಾದರೂ ಬೇಕು. ಅಂದರೆ ಗಣಕ ಪ್ರತಿ ಸೆಕೆಂಡಿಗೆ ಸುಮಾರು 6 ಕೋಟಿ 22 ಲಕ್ಷ ಚುಕ್ಕೆಗಳ ಬಣ್ಣವನ್ನು ನಿರ್ಧರಿಸಬೇಕು. ಒಂದು ಚಿತ್ರಕ್ಕೆ ಸಿಗುವ ಕಾಲ ಸೆಕೆಂಡಿನ ಮೂವತ್ತನೇ ಒಂದು ಭಾಗ ಮಾತ್ರ.

ನಿಜವಾದ ಬೆಳಕು ಹೇಗೆ ವರ್ತಿಸುತ್ತದೆ? ಸೂರ್ಯನ ಕಿರಣ ಅಂಗಳಕ್ಕೆ ಬಿದ್ದು, ಅಲ್ಲಿಂದ ಚಿಮ್ಮಿ ಜಗಲಿಯ ಗೋಡೆಗೆ ತಾಗಿ, ಗೋಡೆಯಿಂದ ಮಾಡಿನ ಅಡಿಗೆ ಹಾರಿ, ಕೊನೆಗೆ ನಿಮ್ಮ ಕಣ್ಣಿಗೆ ಬರುತ್ತದೆ. ಇಂಥ ಕಿರಣಗಳ ಜಾಡನ್ನು ಹಿಂದಕ್ಕೆ ಹಿಡಿದು ಚಿತ್ರ ಬಿಡಿಸುವ ವಿಧಾನಕ್ಕೆ 1980ರಲ್ಲಿ ಟರ್ನರ್ ವಿಟೆಡ್ ಒಂದು ಸ್ಪಷ್ಟ ರೂಪ ಕೊಟ್ಟರು. ಅಂದಿನ ಗಣಕಕ್ಕೆ ಆ ಬಗೆಯ ಒಂದೇ ಒಂದು ಚಿತ್ರ ಮುಗಿಸಲು ಒಂದು ಗಂಟೆಗೂ ಹೆಚ್ಚು ಕಾಲ ಹಿಡಿಯುತ್ತಿತ್ತು. ಇಂದಿಗೂ ಪ್ರತಿ ಚುಕ್ಕೆಗೆ ಸಾವಿರ ಕಿರಣಗಳಂತೆ ಲೆಕ್ಕ ಹಾಕಿದರೆ ಒಂದು ಚಿತ್ರಕ್ಕೆ 200 ಕೋಟಿಗೂ ಮೀರಿದ ಜಾಡುಗಳನ್ನು ಹಿಡಿಯಬೇಕು. ಇಂಥ ಚಿತ್ರಕ್ಕೆ ನಿಮಿಷಗಳು, ಕೆಲವೊಮ್ಮೆ ಗಂಟೆಗಳು ಬೇಕು.

ವೇಗದ ಗುಟ್ಟು

ವ್ಯೂಯರ್ ಬೇರೆ ದಾರಿ ಹಿಡಿಯುತ್ತದೆ. ಅದಕ್ಕೆ ಮನೆಯೆಂದರೆ ಲಕ್ಷಾಂತರ ಪುಟ್ಟ ತ್ರಿಭುಜಗಳ ರಾಶಿ. ಪ್ರತಿ ತ್ರಿಭುಜವನ್ನೂ ಪರದೆಯ ಮೇಲೆ ಚಪ್ಪಟೆಯಾಗಿ ಮೂಡಿಸುತ್ತದೆ. ಒಂದೇ ಚುಕ್ಕೆಯ ಮೇಲೆ ಎರಡು ತ್ರಿಭುಜಗಳು ಬಂದರೆ ಯಾವುದನ್ನು ತೋರಿಸಬೇಕು? ಕಂಬದ ಹಿಂದಿನ ಗೋಡೆ ಕಂಬದ ಮೇಲೆ ಕಾಣಿಸಿಬಿಟ್ಟರೆ ಕೆಲಸ ಕೆಟ್ಟಿತಲ್ಲ! ಇದಕ್ಕೆ ಪ್ರತಿ ಚುಕ್ಕೆಯ ಪಕ್ಕದಲ್ಲಿ, ಅಲ್ಲಿ ಕಾಣುವ ವಸ್ತು ಎಷ್ಟು ದೂರದಲ್ಲಿದೆ ಎಂದು ಬರೆದಿಡಲಾಗುತ್ತದೆ. ಹೊಸ ತ್ರಿಭುಜ ಇನ್ನೂ ಹತ್ತಿರದ್ದಾದರೆ ಹಳೆಯದನ್ನು ಅಳಿಸುತ್ತದೆ, ದೂರದ್ದಾದರೆ ಅದನ್ನೇ ಬಿಟ್ಟುಬಿಡುತ್ತದೆ. ಎಡ್ವಿನ್ ಕ್ಯಾಟ್ಮಲ್ ತಮ್ಮ 1974ರ ಪ್ರಬಂಧದಲ್ಲಿ ವಿವರಿಸಿದ ಈ ಸರಳ ಉಪಾಯ ಇಂದಿಗೂ ಬಳಕೆಯಲ್ಲಿದೆ.

ನೆರಳಿಗೂ ಒಂದು ಉಪಾಯವಿದೆ. 1978ರಲ್ಲಿ ಲ್ಯಾನ್ಸ್ ವಿಲಿಯಮ್ಸ್ ಸೂಚಿಸಿದ್ದು ಇದು: ಮೊದಲು ಸೂರ್ಯನ ಜಾಗದಲ್ಲಿ ನಿಂತು ಮನೆಯನ್ನು ನೋಡಿ. ಸೂರ್ಯನಿಗೆ ಕಾಣುವುದೆಲ್ಲ ಬಿಸಿಲು, ಕಾಣದಿರುವುದೆಲ್ಲ ನೆರಳು! ಆ ನೋಟವನ್ನು ನೆನಪಿನಲ್ಲಿಟ್ಟುಕೊಂಡು, ಆಮೇಲೆ ನಿಮ್ಮ ಕಣ್ಣಿನಿಂದ ಕಾಣುವ ಪ್ರತಿ ಚುಕ್ಕೆಯನ್ನೂ ಅದರೊಂದಿಗೆ ಹೋಲಿಸಿದರಾಯಿತು.

ಈ ಲೆಕ್ಕಗಳು ಒಂದೊಂದೂ ಸುಲಭ, ಆದರೆ ಸಂಖ್ಯೆ ಅಪಾರ. ಸಾವಿರಾರು ಪುಟ್ಟ ಲೆಕ್ಕಿಗರನ್ನು ಒಟ್ಟಿಗೆ ಕೂರಿಸಿದಂತಿರುವ ಚಿತ್ರ ಸಂಸ್ಕಾರಕ, ಅಂದರೆ ಗ್ರಾಫಿಕ್ಸ್ ಕಾರ್ಡ್, ಇವನ್ನು ಏಕಕಾಲಕ್ಕೆ ಮಾಡಿ ಮುಗಿಸುತ್ತದೆ. ಕಾರ್ ಓಡಿಸುವ, ಗೋಡೆ ಹಾರುವ ಮೂರು ಆಯಾಮಗಳ ಗಣಕ ಆಟಗಳಲ್ಲಿ ನಡೆಯುವುದೂ ಇದೇ. ಆಟಕ್ಕಾಗಿ ಬೆಳೆದ ತಂತ್ರವೇ ಇಂದು ಮನೆ ಕಟ್ಟುವವರಿಗೂ ಒದಗಿದೆ.

ಎಲ್ಲಿ ಮೋಸಹೋಗಬಹುದು?

ಬಿಟ್ಟುಹೋದ ಲೆಕ್ಕ ಯಾವುದು? ಮುಖ್ಯವಾಗಿ, ಒಂದು ಕಡೆ ತಾಗಿ ಇನ್ನೊಂದು ಕಡೆಗೆ ಚಿಮ್ಮುವ ಬೆಳಕು.

ಕಾರ್ಕಳದ ಚತುರ್ಮುಖ ಬಸದಿಯನ್ನು ನೆನಪಿಸಿಕೊಳ್ಳಿ. 1586ರಲ್ಲಿ ಕಟ್ಟಿದ ಈ ಕಲ್ಲಿನ ಬಸದಿಗೆ ನಾಲ್ಕು ದಿಕ್ಕಿಗೂ ಬಾಗಿಲು, ಸುತ್ತ ಕಂಬಗಳ ಸಾಲು. ಒಳಗಿರುವ ತೀರ್ಥಂಕರರ ಬಿಂಬಗಳಿಗೆ ಹೊತ್ತಿನ ಬಹುಪಾಲು ನೇರ ಬಿಸಿಲು ತಾಗದು. ಹೊರಗಿನ ಕಲ್ಲುಹಾಸಿಗೆ ಬಡಿದು, ಕಂಬಗಳಿಗೆ ತಾಗಿ, ಬಾಗಿಲಿನಿಂದ ಒಳನುಸುಳುವ ಬೆಳಕೇ ಅಲ್ಲಿ ಕಣ್ಣಿಗೆ ದಾರಿ. ಈ ಬಸದಿಯನ್ನು ಗಣಕದಲ್ಲಿ ರಚಿಸಿ, ನೇರ ಬಿಸಿಲನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುವ ವ್ಯೂಯರ್‌ನಲ್ಲಿ ತೆರೆದರೆ ಒಳಗೆಲ್ಲ ಕಗ್ಗತ್ತಲೆ. ಈ ಕತ್ತಲೆಯನ್ನು ತಪ್ಪಿಸಲು ಹಲವು ವ್ಯೂಯರ್‌ಗಳು ಎಲ್ಲ ಕಡೆಗೂ ಒಂದಿಷ್ಟು ಸಮನಾದ ಬೆಳಕನ್ನು ಎರಚಿಬಿಡುತ್ತವೆ. ಆಗ ಗೋಡೆಯ ಮೂಲೆಯೂ ಬಾಗಿಲ ಬಳಿಯೂ ಒಂದೇ ತೆರನಾಗಿ ಕಾಣುತ್ತವೆ. ಎರಡೂ ಸುಳ್ಳು.

ನಮ್ಮ ಕರಾವಳಿಯ ಮನೆಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ಜೋಡಿಸಿದ ಪಾರಂಪರಿಕ ಗ್ರಾಮವನ್ನು ನೋಡಿದವರಿಗೆ ಇದು ಗೊತ್ತು. ತಗ್ಗಿದ ಹೆಂಚಿನ ಮಾಡು, ನಡುವೆ ತೆರೆದ ಅಂಗಳ, ಸುತ್ತ ಜಗಲಿ. ಮಳೆಯ ಎರಚಲು ಒಳಬರದಂತೆ ಮಾಡು ತಗ್ಗಿರಬೇಕು, ಆದರೆ ಬೆಳಕು ಬರಬೇಕು. ಈ ಎರಡರ ನಡುವಿನ ಹೊಂದಾಣಿಕೆಯನ್ನು ಅಂಗಳದಿಂದ ಚಿಮ್ಮುವ ಬೆಳಕು ಸಾಧಿಸುತ್ತದೆ. ಸುಣ್ಣ ಬಳಿದ ಗೋಡೆ ತನ್ನ ಮೇಲೆ ಬಿದ್ದ ಬೆಳಕಿನ ಹೆಚ್ಚಿನ ಪಾಲನ್ನು ಮರಳಿಸುತ್ತದೆ, ಕಾವಿಯ ನೆಲ ಸ್ವಲ್ಪವನ್ನೇ, ಅದೂ ಕೆಂಪಾಗಿ, ಮರಳಿಸುತ್ತದೆ. ಇದನ್ನು ಸರಿಯಾಗಿ ಎಣಿಸದ ಚಿತ್ರವನ್ನು ನಂಬಿ ನಡುಕೋಣೆಯ ಕಿಟಕಿಯನ್ನು ಕೈಬಿಟ್ಟರೆ, ಆಷಾಢದ ಮೋಡ ಕವಿದ ಹಗಲುಗಳಲ್ಲಿ ಮನೆಮಂದಿ ಅದರ ಫಲ ಉಣ್ಣಬೇಕಾಗುತ್ತದೆ.

ಇನ್ನೊಂದು ಮೋಸ ಪ್ರತಿಬಿಂಬದ್ದು. ಕಾರ್ಕಳದಲ್ಲೇ ಆನೆಕೆರೆಯ ನಡುವೆ ಒಂದು ಬಸದಿ ಇದೆ. ಅದನ್ನು ವ್ಯೂಯರ್‌ನಲ್ಲಿ ನೋಡುತ್ತಿದ್ದೀರಿ ಎನ್ನಿ. ಬಸದಿ ಕಾಣುತ್ತದೆ, ನೀರಿನಲ್ಲಿ ಅದರ ಬಿಂಬವೂ ಕಾಣುತ್ತದೆ. ಈಗ ನೋಟವನ್ನು ನಿಧಾನವಾಗಿ ತಗ್ಗಿಸಿ, ನೀರು ಮಾತ್ರ ಪರದೆಯಲ್ಲಿ ಉಳಿಯಲಿ. ಬಸದಿ ಮೇಲಿನಿಂದ ಆಚೆ ಸರಿದಂತೆ ನೀರಿನ ಬಿಂಬವೂ ಕತ್ತರಿಸಿದಂತೆ ಮಾಯವಾಗುತ್ತದೆ! ಏಕೆಂದರೆ ಹಲವು ವ್ಯೂಯರ್‌ಗಳು ಪರದೆಯಲ್ಲಿ ಈಗಾಗಲೇ ಮೂಡಿರುವುದನ್ನೇ ನಕಲು ಮಾಡಿ ಪ್ರತಿಬಿಂಬ ತೋರಿಸುತ್ತವೆ. ಪರದೆಯಲ್ಲಿ ಇಲ್ಲದ್ದು ಅವುಗಳ ಪಾಲಿಗೆ ಜಗತ್ತಿನಲ್ಲೇ ಇಲ್ಲ.

2018ರಿಂದೀಚೆಗೆ ಕಿರಣದ ಜಾಡು ಹಿಡಿಯುವ ಪ್ರತ್ಯೇಕ ಭಾಗಗಳುಳ್ಳ ಗ್ರಾಫಿಕ್ಸ್ ಕಾರ್ಡ್‌ಗಳು ಬಂದಿವೆ. ಅವುಗಳ ನೆರವಿನಿಂದ ಈ ಕೊರತೆ ಬಹಳಷ್ಟು ತಗ್ಗಿದೆ. ಆದರೂ ಒಂದು ಚುಕ್ಕೆಗೆ ಕೆಲವೇ ಕಿರಣಗಳನ್ನು ಎಣಿಸಿ, ಉಳಿದದ್ದನ್ನು ಅಂದಾಜಿನಿಂದ ತುಂಬುವುದೇ ಅಲ್ಲಿಯೂ ಕ್ರಮ.

ಕಾಪು ದೀಪಸ್ತಂಭದ ಪರೀಕ್ಷೆ

ನೇರ ಬಿಸಿಲು ಮತ್ತು ನೆರಳಿನ ವಿಷಯದಲ್ಲಿ ವ್ಯೂಯರ್ ಸಾಕಷ್ಟು ನಂಬಿಕಸ್ಥ. ಆದರೆ ಅದಕ್ಕೆ ನಿಮ್ಮ ಊರು ಎಲ್ಲಿದೆ ಎಂದು ನೀವೇ ಹೇಳಬೇಕು. ಹೇಳಿದ್ದು ಸರಿಯಾಗಿದೆಯೇ ಎಂದು ಪರೀಕ್ಷಿಸಲು ಒಂದು ಸುಲಭ ಪ್ರಯೋಗ ಇಲ್ಲಿದೆ.

1901ರಲ್ಲಿ ನಿರ್ಮಾಣಗೊಂಡ ಕಾಪು ದೀಪಸ್ತಂಭದ ಎತ್ತರ ಸುಮಾರು 27 ಮೀಟರ್. ಅದು ನಿಂತಿರುವುದು ಬಂಡೆಯ ಮೇಲೆ. ಲೆಕ್ಕದ ಅನುಕೂಲಕ್ಕಾಗಿ ಸಮತಟ್ಟಾದ ನೆಲದ ಮೇಲೆ 27 ಮೀಟರ್ ಎತ್ತರದ ಒಂದು ಕಂಬವನ್ನು ವ್ಯೂಯರ್‌ನಲ್ಲಿ ನಿಲ್ಲಿಸಿ. ಅಕ್ಷಾಂಶ 13.2 ಡಿಗ್ರಿ ಉತ್ತರ, ರೇಖಾಂಶ 74.7 ಡಿಗ್ರಿ ಪೂರ್ವ, ಕಾಲವಲಯ 5 ಗಂಟೆ 30 ನಿಮಿಷ ಎಂದು ನಮೂದಿಸಿ. ನಮ್ಮಲ್ಲಿ ಸೂರ್ಯ ನೆತ್ತಿಯ ರೇಖೆ ದಾಟುವುದು ಗಡಿಯಾರದ 12 ಗಂಟೆಗಲ್ಲ. ಭಾರತದ ಗಡಿಯಾರ 82.5 ಡಿಗ್ರಿ ರೇಖಾಂಶಕ್ಕೆ ಹೊಂದಿಸಿದ್ದು, ಕಾಪು ಅದಕ್ಕಿಂತ ಪಶ್ಚಿಮಕ್ಕಿದೆ. ಆದ್ದರಿಂದ ನಡುಹಗಲು ಸುಮಾರು 12.30ಕ್ಕೆ.

ಈಗ ದಿನಾಂಕ ಡಿಸೆಂಬರ್ 21 ಎಂದಿಡಿ. ನೆರಳು ಉತ್ತರಕ್ಕೆ ಸುಮಾರು 20 ಮೀಟರ್ ಚಾಚಬೇಕು. ದಿನಾಂಕವನ್ನು ಜೂನ್ 21ಕ್ಕೆ ಬದಲಿಸಿ. ನೆರಳು ಸುಮಾರು 5 ಮೀಟರಿಗೆ ಕುಗ್ಗಿ ದಕ್ಷಿಣಕ್ಕೆ ಬೀಳಬೇಕು! ಹೌದು, ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೇ ವಾರದವರೆಗೆ ಉಡುಪಿ ಜಿಲ್ಲೆಯಲ್ಲಿ ನಡುಹಗಲ ಸೂರ್ಯ ನೆತ್ತಿಯ ಉತ್ತರಕ್ಕಿರುತ್ತಾನೆ. ತಂತ್ರಾಂಶದಲ್ಲಿ ಲಂಡನ್ ನಗರದ ಅಕ್ಷಾಂಶ ಉಳಿದುಬಿಟ್ಟಿದ್ದರೆ ಅದೇ ಜೂನ್ ನಡುಹಗಲು ನೆರಳು ಉತ್ತರಕ್ಕೆ 14 ಮೀಟರಿಗೂ ಹೆಚ್ಚು ಬೀಳುತ್ತದೆ. ಅಂಥ ವ್ಯೂಯರ್ ನೋಡಿ ಕಿಟಕಿಗೆ ನೆರಳು ಯಾವ ದಿಕ್ಕಿನಿಂದ ಬೇಕೆಂದು ತೀರ್ಮಾನಿಸಿದರೆ ಪರಿಣಾಮ ಊಹಿಸಿಕೊಳ್ಳಿ.

ಪರೀಕ್ಷೆಯಲ್ಲಿ ಉತ್ತರ ಸರಿ ಬಂದರೆ ಆ ಕಂಬವನ್ನು ತೆಗೆದು ನಿಮ್ಮ ಮನೆಯನ್ನು ಇಡಿ. ಉದಾಹರಣೆಗೆ, ಕಡಲಿಗೆ ಮುಖ ಮಾಡಿದ ಪಶ್ಚಿಮದ ಚಾವಡಿ. ಮಾರ್ಚ್ 21ರ ಸಂಜೆ 4.30ರ ಹೊತ್ತಿಗೆ ಸೂರ್ಯ ಕ್ಷಿತಿಜದಿಂದ ಸುಮಾರು 31 ಡಿಗ್ರಿ ಮೇಲಿರುತ್ತಾನೆ. ಒಂದು ಮೀಟರ್ ಮುಂಚಾಚಿದ ಸಜ್ಜೆಯ ನೆರಳು ಗೋಡೆಯ ಮೇಲೆ ಸುಮಾರು 60 ಸೆಂಟಿಮೀಟರ್ ಮಾತ್ರ ಕೆಳಗಿಳಿಯುತ್ತದೆ. ಕಿಟಕಿಯ ಬಹುಭಾಗಕ್ಕೆ ಬಿಸಿಲು ತಪ್ಪಿದ್ದಲ್ಲ. ಇದನ್ನು ಪರದೆಯಲ್ಲಿ ಕಣ್ಣಾರೆ ಕಂಡವರಿಗೆ ಹಿರಿಯರು ಮಾಡನ್ನು ಅಷ್ಟು ತಗ್ಗಿಸಿ ಜಗಲಿಯ ಆಚೆಗೂ ಏಕೆ ಇಳಿಸುತ್ತಿದ್ದರೆಂದು ಅರ್ಥವಾಗುತ್ತದೆ.

ಬಳಸುವ ಕ್ರಮ

ಕೆಲವು ನಿಯಮಗಳನ್ನು ಪಾಲಿಸಿದರೆ ವ್ಯೂಯರ್‌ನಿಂದ ನಿಜವಾದ ಪ್ರಯೋಜನ ಪಡೆಯಬಹುದು.

1. ಅಳತೆಯ ಮಾನ ಸರಿಯಿರಲಿ. ಅಡಿ ಮತ್ತು ಮೀಟರ್ ಬೆರೆತರೆ ಮನೆ ಅರಮನೆಯಾದೀತು! 2.1 ಮೀಟರ್ ಎತ್ತರದ ಬಾಗಿಲನ್ನು ಇಟ್ಟು ಹೋಲಿಸಿ ನೋಡಿ.

2. ನೋಟದ ಎತ್ತರ ನೆಲದಿಂದ ಒಂದೂವರೆ ಮೀಟರ್ ಆಸುಪಾಸಿರಲಿ. ಹಕ್ಕಿಯ ನೋಟದಲ್ಲಿ ಎಲ್ಲ ಮನೆಯೂ ಚಂದ.

3. ನೋಟದ ಕೋನ ಅಗಲವಾದಷ್ಟೂ ಕೋಣೆ ದೊಡ್ಡದಾಗಿ ಕಾಣುತ್ತದೆ. 90 ಡಿಗ್ರಿಯ ಕೋನದಲ್ಲಿ ಪುಟ್ಟ ಕೋಣೆಯೂ ಸಭಾಂಗಣ. 60 ಡಿಗ್ರಿಯ ಒಳಗೆ ಇಟ್ಟು ನೋಡಿ.

4. ಸ್ವಯಂಚಾಲಿತವಾಗಿ ಪ್ರಕಾಶ ಹೊಂದಿಸುವ ಆಯ್ಕೆಯನ್ನು ಆರಿಸಿಡಿ. ಇಲ್ಲದಿದ್ದರೆ ಕತ್ತಲ ಕೋಣೆಗೆ ಹೊಕ್ಕೊಡನೆ ತಂತ್ರಾಂಶ ತಾನೇ ಬೆಳಕು ಹೆಚ್ಚಿಸಿ ನಿಮ್ಮನ್ನು ಏಮಾರಿಸುತ್ತದೆ.

5. ದೃಶ್ಯ ತಡವರಿಸಿದರೆ ಗಣಕವನ್ನು ಬೈಯುವ ಮೊದಲು ತ್ರಿಭುಜಗಳ ಸಂಖ್ಯೆ ನೋಡಿ. 500 ಅಡಿಕೆ ಮರಗಳನ್ನು 500 ಬಾರಿ ರಚಿಸುವ ಬದಲು ಒಂದನ್ನೇ ರಚಿಸಿ, ಉಳಿದವನ್ನು ಅದಕ್ಕೆ ಕೊಂಡಿ ಹಾಕಿದ ಪ್ರತಿಗಳಾಗಿ ನಿಲ್ಲಿಸಿ. ನೆನಪಿನಕೋಶದಲ್ಲಿ ಒಂದೇ ಮರದ ಜಾಗ ಸಾಕು.

6. ಒಳಕೋಣೆಯ ಬೆಳಕಿನ ಬಗ್ಗೆ ಕೊನೆಯ ತೀರ್ಮಾನವನ್ನು ವ್ಯೂಯರ್‌ಗೆ ಬಿಡಬೇಡಿ. ಅದೇ ದೃಶ್ಯವನ್ನು ಕಿರಣದ ಜಾಡು ಹಿಡಿಯುವ ನಿಧಾನ ವಿಧಾನದಲ್ಲಿ ಒಮ್ಮೆ ಚಿತ್ರಿಸಿ ಹೋಲಿಸಿ. ಬ್ಲೆಂಡರ್‌ನಲ್ಲಿ ಈವೀಯಿಂದ 'ಸೈಕಲ್ಸ್'ಗೆ ಬದಲಿಸಿದರೆ ಸಾಕು. ನೀಲಿ ಆಕಾಶಕ್ಕೆ ಬದಲು ಮೋಡ ಕವಿದ ಆಕಾಶವನ್ನೂ ಇಟ್ಟು ನೋಡಿ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆಯಲ್ಲಿ ತಿಂಗಳುಗಟ್ಟಲೆ ಇರುವುದು ಅದೇ ಆಕಾಶ.

ಇಷ್ಟಾದರೂ ವ್ಯೂಯರ್ ಹೇಳದ ಸಂಗತಿಗಳು ಉಳಿದೇ ಉಳಿಯುತ್ತವೆ. ಗಾಳಿ ಯಾವ ಕಿಟಕಿಯಿಂದ ಬಂದು ಯಾವುದರಿಂದ ಹೋಗುತ್ತದೆ, ಎರಚಲು ಎಲ್ಲಿಯವರೆಗೆ ಬಡಿಯುತ್ತದೆ, ಮಾಡಿನ ಕೆಳಗೆ ಸೆಖೆ ಎಷ್ಟು ಎಂಬುದೆಲ್ಲ ಅದರ ಲೆಕ್ಕದಲ್ಲಿಲ್ಲ. ಅದಕ್ಕೆ ಬೇರೆ ತಂತ್ರಾಂಶಗಳಿವೆ. ಎಷ್ಟೋ ಕಾಲದಿಂದ ಇಲ್ಲಿಯ ಮಳೆಯನ್ನು ಕಂಡ ಬಡಗಿಯ ಅನುಭವವೂ ಇದೆ.

ನಿಮ್ಮ ಮನೆಯ ನಕ್ಷೆ ಸಿದ್ಧವಾದಾಗ ವಿನ್ಯಾಸಕಾರರು ಬಣ್ಣಬಣ್ಣದ ದೃಶ್ಯವನ್ನು ನಿಮ್ಮ ಮುಂದಿಟ್ಟರೆ ಮೆಚ್ಚಿ ಸುಮ್ಮನಾಗಬೇಡಿ. ಇದು ಯಾವ ಊರಿನ ಸೂರ್ಯ, ಯಾವ ತಿಂಗಳು, ಎಷ್ಟು ಗಂಟೆ? ಈ ಕೋಣೆಯ ಬೆಳಕು ಲೆಕ್ಕ ಹಾಕಿದ್ದೇ, ಎರಚಿದ್ದೇ? ಈ ಎರಡು ಪ್ರಶ್ನೆಗಳನ್ನು ಕೇಳಿ. ಅಡಿಗಲ್ಲು ಹಾಕುವ ಮೊದಲು ಕೇಳಿದರೆ ಖರ್ಚು ಏನೂ ಇಲ್ಲ.