ಕಡಲಿನ ಸೆಳವೂ ಈಜುಗಾರನೂ

ಕೆರಿಬಿಯನ್ ದ್ವೀಪಗಳ ಪೂರ್ವದ ಅಂಚಿನಲ್ಲಿ ಬಾರ್ಬೇಡೋಸ್ ಎಂಬ ಪುಟ್ಟ ದ್ವೀಪವಿದೆ. ಅದರ ಉದ್ದ ಸುಮಾರು 34 ಕಿಲೋಮೀಟರು. ಅಗಲ ಹೆಚ್ಚೆಂದರೆ 23. ಇಷ್ಟು ಕಿರಿದಾದ ನೆಲದ ಎರಡು ಪಾರ್ಶ್ವಗಳಲ್ಲಿ ಕಡಲಿನ ಸ್ವಭಾವ ಎರಡು ಬಗೆ. ಪಶ್ಚಿಮದ ಹೋಲ್‌ಟೌನಿನಲ್ಲಿ ನೀರು ಬಹುಮಟ್ಟಿಗೆ ಶಾಂತ. ಪೂರ್ವದ ಬಾತ್‌ಶೀಬಾದಲ್ಲಿ ತೆರೆಗಳ ಭೋರ್ಗರೆತ. ಇದಕ್ಕೆ ಕಾರಣವೇನು?

ಇಲ್ಲಿ ವರ್ಷದ ಬಹುಕಾಲ ವಾಣಿಜ್ಯ ಮಾರುತಗಳು ಪೂರ್ವ ಮತ್ತು ಈಶಾನ್ಯ ದಿಕ್ಕುಗಳಿಂದ ಬೀಸುತ್ತವೆ. ಗಾಳಿಯು ನೀರಿನ ಮೇಲೆ ತಡೆಯಿಲ್ಲದೆ ಹೆಚ್ಚು ದೂರ ಬೀಸಿದಷ್ಟೂ ಅಲೆಗಳು ಬಲಿಯುತ್ತವೆ. ಬಾತ್‌ಶೀಬಾದಿಂದ ನೇರ ಪೂರ್ವಕ್ಕೆ ಆಫ್ರಿಕದವರೆಗೂ ನೆಲವೇ ಇಲ್ಲ. ಪಶ್ಚಿಮ ದಂಡೆಗಾದರೋ ದ್ವೀಪವೇ ಮರೆಯಾಗಿ ನಿಂತಿದೆ. ಆದುದರಿಂದಲೇ ನುರಿತ ಸರ್ಫಿಂಗ್ ಪಟುಗಳು ಬಾತ್‌ಶೀಬಾವನ್ನು ಅರಸಿ ಬರುತ್ತಾರೆ. ಈಜಬಯಸುವವರಿಗೆ ಪಶ್ಚಿಮ ದಂಡೆಯೇ ಲೇಸು.

ತೆರೆಗಳಿಗಿಂತಲೂ ಮಿಗಿಲಾದ ಅಪಾಯವೆಂದರೆ ಅವು ದಡಕ್ಕೆ ತಂದ ನೀರು ಹಿಂದಿರುಗುವ ದಾರಿ. ದಡದ ಬಳಿ ಒಟ್ಟುಗೂಡಿದ ನೀರು ಮರಳುದಿಬ್ಬಗಳ ಅಥವಾ ಬಂಡೆಗಳ ನಡುವಣ ಆಳವಾದ ಸಂದಿನಲ್ಲಿ ನುಗ್ಗಿ ಕಡಲಿಗೆ ಮರಳುತ್ತದೆ. ಇದೇ ಸೆಳವು. ಆಳ ಹೆಚ್ಚಿರುವಲ್ಲಿ ಅಲೆಗಳು ಅಷ್ಟಾಗಿ ಒಡೆಯುವುದಿಲ್ಲ. ಹೀಗಾಗಿ ನೊರೆಯ ನಡುವೆ ಶಾಂತವಾಗಿ ತೋರುವ ಪಟ್ಟಿಯೇ ಅನೇಕ ವೇಳೆ ಸೆಳವಿನ ತಾಣವಾಗಿರುತ್ತದೆ. ಅನನುಭವಿಯು ಅದನ್ನೇ ಸುರಕ್ಷಿತವೆಂದು ಆರಿಸಿಕೊಳ್ಳುತ್ತಾನೆ.

ಸೆಳವಿನ ವೇಗ ಸಾಮಾನ್ಯವಾಗಿ ಸೆಕೆಂಡಿಗೆ ಅರ್ಧ ಮೀಟರಿನಷ್ಟು; ಕೆಲವೊಮ್ಮೆ 2 ಮೀಟರನ್ನೂ ಮೀರುವುದುಂಟು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 100 ಮೀಟರು ಈಜಿನ ವಿಶ್ವದಾಖಲೆ 46.40 ಸೆಕೆಂಡು, ಅಂದರೆ ಸೆಕೆಂಡಿಗೆ ಸುಮಾರು 2.2 ಮೀಟರು. ಸಾಮಾನ್ಯರ ಪಾಡೇನು?

ಲೆಕ್ಕ ಹಾಕಿ ನೋಡೋಣ. ಸೆಳವಿನ ವೇಗ ಸೆಕೆಂಡಿಗೆ 1 ಮೀಟರು, ಈಜುಗಾರನದು 0.8 ಮೀಟರು ಎಂದಿರಲಿ. ದಡದತ್ತ ನೇರವಾಗಿ ಈಜಿದರೆ ಅವನು ಸೆಕೆಂಡಿಗೆ 0.2 ಮೀಟರಿನಂತೆ ಹಿಂದಕ್ಕೇ ಸರಿಯುತ್ತಾನೆ. ಐದು ನಿಮಿಷ ಹೋರಾಡಿದರೂ ದಡ 60 ಮೀಟರು ದೂರವಾಗಿರುತ್ತದೆ, ತೋಳುಗಳು ಸೋತಿರುತ್ತವೆ. ಅದಕ್ಕೆ ಬದಲು ದಡಕ್ಕೆ ಸಮಾಂತರವಾಗಿ ಈಜಿದರೆ ಎರಡು ವೇಗಗಳೂ ಪರಸ್ಪರ ಲಂಬವಾಗಿರುತ್ತವೆ. ಒಂದು ಇನ್ನೊಂದನ್ನು ಕಳೆಯದು. 20 ಮೀಟರು ಅಗಲದ ಸೆಳವನ್ನು ಅವನು 25 ಸೆಕೆಂಡುಗಳಲ್ಲಿ ದಾಟಬಲ್ಲನು.

ಸೆಳವು ಮನುಷ್ಯನನ್ನು ತಳಕ್ಕೆ ಎಳೆಯುವುದಿಲ್ಲ, ದೂರಕ್ಕೆ ಒಯ್ಯುತ್ತದೆ. ತೆರೆಗಳು ಒಡೆಯುವ ವಲಯದಾಚೆ ಸಾಮಾನ್ಯವಾಗಿ ಅದು ಬಲಗುಂದುತ್ತದೆ. ಮುಳುಗಿಸುವುದು ಗಾಬರಿ ಮತ್ತು ದಣಿವು. ಆದುದರಿಂದ ಮೊದಲು ತೇಲಬೇಕು, ಕೈಯೆತ್ತಿ ನೆರವು ಕೋರಬೇಕು; ಶಕ್ತಿಯಿದ್ದರೆ ಅಡ್ಡಲಾಗಿ ಈಜಿ ಹೊರಬಂದು, ಅಲೆಗಳು ಒಡೆಯುತ್ತಿರುವ ಕಡೆಯಿಂದ ದಡ ಸೇರಬೇಕು. ನೋಡುತ್ತಿರುವವರು ಹಿಂದುಮುಂದು ನೋಡದೆ ಧುಮುಕಬಾರದು. ರಕ್ಷಿಸಹೋದವರೇ ಮುಳುಗಿದ ಉದಾಹರಣೆಗಳು ಅನೇಕ. ತೇಲುವ ವಸ್ತುವನ್ನೆಸೆದು ಜೀವರಕ್ಷಕರನ್ನು ಕರೆಯುವುದೇ ಸರಿಯಾದ ಕ್ರಮ.

ಕೆಂಪು ಬಾವುಟ ಹಾರುತ್ತಿದ್ದರೆ ಈ ಲೆಕ್ಕಗಳಾವುವೂ ಬೇಕಿಲ್ಲ. ಆ ದಿನ ಕಡಲನ್ನು ದಡದಿಂದಲೇ ನೋಡಿ ಸಂತೋಷಪಡುವುದು ಜಾಣತನ.