ಪರದೆ ಮೇಲಿನ ಚುಕ್ಕಿಯನ್ನು ನಂಬಿ ಕೆಟ್ಟವರುಂಟು!

ಮರ್ಫಿ ಟೌನ್: "ನರ ಸಿಗ್ತಿಲ್ಲ, ಇನ್ನೊಂದ್ಸಲ ಮುಷ್ಟಿ ಹಿಡೀರಿ ಅಮ್ಮಾ..."

ಈ ಮಾತು ಕೇಳದ ಮನೆ ನಮ್ಮ ಬಡಾವಣೆಯಲ್ಲಿ ಉಂಟೇ? ಕಳೆದ ಮಳೆಗಾಲ ನಮ್ಮ ತಾಯಿಗೆ ಡ್ರಿಪ್ ಹಾಕಲು ಆಸ್ಪತ್ರೆಯೊಂದರಲ್ಲಿ ಐದು ಸಲ ಚುಚ್ಚಿದರು. ಐದೂ ವ್ಯರ್ಥ. ಕೈ ಬದನೆಕಾಯಿ ಬಣ್ಣಕ್ಕೆ ತಿರುಗಿತು. ಆಮೇಲೆ ಒಬ್ಬ ಡಾಕ್ಟರು ಸ್ಕ್ಯಾನಿಂಗ್ ಮಿಷನ್ ತಳ್ಳಿಕೊಂಡು ಬಂದರು. ಒಂದೇ ಚುಚ್ಚು, ಕೆಲಸ ಮುಗೀತು!

ಬಸುರಿಯರಿಗೆ ಸ್ಕ್ಯಾನಿಂಗ್ ಗೊತ್ತು, ಕೈಗೇಕೆ? ಪಿಯುಸಿ ಅರ್ಧಕ್ಕೆ ಬಿಟ್ಟ ನಾನು ಬಾಯಿಬಿಟ್ಟು ಕೇಳಿಯೇಬಿಟ್ಟೆ.

ನಾವು ನರ ಅನ್ನೋದು ನಿಜಕ್ಕೂ ರಕ್ತನಾಳ. ಕಿವಿಗೆ ಕೇಳದ ಶಬ್ದ ಮೈಯೊಳಗೆ ಹೋಗಿ ಮರಳುತ್ತದೆ, ಮಿಷನ್ ಅದನ್ನೇ ಚಿತ್ರ ಮಾಡುತ್ತದೆ. ಎಕ್ಸ್‌ರೇ ಅಲ್ಲ. ರಕ್ತನಾಳ ಕಪ್ಪು ಗುಂಡಗೆ ಕಾಣುತ್ತದೆ. ಮೆಲ್ಲಗೆ ಒತ್ತಿದರೆ ಅಪ್ಪಚ್ಚಿಯಾಗೋದು ಡ್ರಿಪ್‌ಗೆ ಬೇಕಾದ ನಾಳ. ಒತ್ತಿದರೂ ಬಗ್ಗದೆ ಮಿಡಿಯೋದು ಆರ್ಟರಿ. ಡ್ರಿಪ್ ಸೂಜಿ ಅತ್ತ ಸುಳಿಯಬಾರದು.

ಮೋಸ ಇರೋದು ಮುಂದೆ. ಅಡ್ಡಲಾಗಿ ನೋಡಿದರೆ ಸೂಜಿ ಬರೀ ಒಂದು ಬಿಳಿ ಚುಕ್ಕಿ. ಅದು ತುದಿಯೋ, ನಡುಭಾಗವೋ? ಹಲಸೂರು ಬಜಾರ್ ಸ್ಟ್ರೀಟಿನಲ್ಲಿ ಅರ್ಧ ಎಳೆದ ಎರಡು ಬಾಗಿಲ ಸಂದಿಯಿಂದ ರಸ್ತೆ ನೋಡಿ. ಕಂಡದ್ದು ಬಸ್ಸಿನ ಮೂತಿಯೋ, ಹೊಟ್ಟೆಯೋ ಹೇಳಬಲ್ಲಿರಾ? ಚುಕ್ಕಿ ನಾಳದಲ್ಲೇ ಇದೆ ಅಂದುಕೊಂಡಾಗ ತುದಿ ನಾಳದ ಹಿಂಬದಿ ತೂರಿ ಆಚೆ ಹೋಗಿರುತ್ತದೆ!

ಇದಕ್ಕೊಂದು ಉಪಾಯವಿದೆ. ಸೂಜಿ ನಿಲ್ಲಿಸಿ, ಚುಕ್ಕಿ ಮಾಯವಾಗುವಷ್ಟು ಮಾತ್ರ ಸ್ಕ್ಯಾನರನ್ನು ಮುಂದೆ ಜರುಗಿಸಬೇಕು. ಆಮೇಲೆ ಸೂಜಿಯನ್ನು ತುಸು ನೂಕಬೇಕು. ಮತ್ತೆ ಮೂಡಿದ ಚುಕ್ಕಿಯೇ ತುದಿ, ಬಸ್ಸಿನ ಮೂತಿ! ಹೀಗೇ ಸ್ಕ್ಯಾನರು, ಸೂಜಿ, ಸ್ಕ್ಯಾನರು, ಸೂಜಿ ಅಂತ ಹೆಜ್ಜೆ ಹೆಜ್ಜೆ ಸಾಗಬೇಕು. ನಾಳ ಸಿಕ್ಕಿತೆಂದು ಅಲ್ಲೇ ನಿಲ್ಲುವಂತಿಲ್ಲ. ಸೂಜಿ ಮೇಲಿನ ಪ್ಲಾಸ್ಟಿಕ್ ಕೊಳವೆ ತುದಿಗಿಂತ ಹಿಂದಿರುತ್ತದೆ. ಸೂಜಿಯನ್ನು ಕೊಂಚ ಮಲಗಿಸಿ ಇನ್ನಷ್ಟು ಒಳಗೆ ಸಾಗಿಸಿದರೇ ಕೊಳವೆಯೂ ಒಳಸೇರೋದು. ಇಲ್ಲವಾದರೆ ಡ್ರಿಪ್ ನೀರು ಚರ್ಮದಡಿ ಸೇರಿ ಕೈ ಊದುತ್ತದೆ.

ಕುತ್ತಿಗೆಯ ದೊಡ್ಡ ನಾಳಕ್ಕೆ ಈ ಮಿಷನ್ ಬಳಸಿ ಎಂದು ಇಂಗ್ಲೆಂಡಿನ ನೈಸ್ ಸಂಸ್ಥೆ 2002ರಲ್ಲೇ ಹೇಳಿತ್ತು. ನಮ್ಮಲ್ಲಿ ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯಿದೆಯಡಿ ಈ ಮಿಷನ್ ಇಡಲು ನೋಂದಣಿ ಬೇಕು. ಹಾಗಾಗಿ ಮೂಲೆ ಕ್ಲಿನಿಕ್ಕಿನಲ್ಲೆಲ್ಲ ಸಿಗದು. ಸಿಕ್ಕರೂ ಪಳಗಿದ ಕೈ ಬೇಕು.

ಕೀಮೋ, ಡಯಾಲಿಸಿಸ್ ಅಂತ ವರ್ಷಗಟ್ಟಲೆ ಚುಚ್ಚಿಸಿಕೊಂಡವರ ಕೈ ನೋಡಿದ್ದೀರಾ? ಉಳಿದ ಒಂದೊಂದು ನಾಳವೂ ಅವರಿಗೆ ಆಸ್ತಿ. ಎರಡು ಸಲ ತಪ್ಪಿದರೆ, "ಅನುಭವಸ್ಥರನ್ನು ಕರೀರಿ ಸಿಸ್ಟರ್, ಸ್ಕ್ಯಾನರ್ ಇದ್ರೆ ತರಿಸಿ" ಅನ್ನಿ. ಅದು ಜಗಳವಲ್ಲ ಸ್ವಾಮಿ. ಚುಚ್ಚೋದು ಅವರ ಸೂಜಿ, ನೋಯೋದು ನಮ್ಮ ಕೈ!