ಚಿಂಚಿಲ್ಲಾಗೆ ಕಡಿಯಲು ಏನು ಕೊಡಬೇಕು? ಕಡಿಮೆ ಖರ್ಚಿನ ದಾರಿಗಳು



ಯಾವಾಗಲೂ ಬಿಪಿ, ಕೊಲೆಸ್ಟ್ರಾಲ್, ಎದೆನೋವು ಎಂದು ಬರೆಯುವ ನಾನು ಈ ಸಲ ಸಾಕುಪ್ರಾಣಿಯ ಹಲ್ಲಿನ ಬಗ್ಗೆ ಬರೆಯುತ್ತಿದ್ದೇನೆ. ಕಾರಣವಿದೆ. ನಮ್ಮ ಮನೆಯಲ್ಲೇ ಒಂದು ಎಡವಟ್ಟಾಯಿತು, ಅದರಲ್ಲಿ ತಪ್ಪು ನನ್ನದೇ ಇತ್ತು.

ಪುಣೆಯ ನಮ್ಮ ಅಪಾರ್ಟ್‌ಮೆಂಟಿನ ಒಂದು ಕುಟುಂಬ ವಿದೇಶಕ್ಕೆ ಹೊರಟಾಗ ತಮ್ಮ ಚಿಂಚಿಲ್ಲಾವನ್ನು ನನ್ನ ಮಗಳ ಕೈಗೆ ಕೊಟ್ಟು ಹೋದರು. ಇಲಿ, ಅಳಿಲುಗಳ ಬಳಗದ ಪ್ರಾಣಿ ಅದು. ದುಂಡು ಕಿವಿ, ಕುಚ್ಚಿನಂಥ ಬಾಲ, ಸುಮಾರು ಅರ್ಧ ಕೆಜಿ ತೂಕ. ನೀರಿನ ಸ್ನಾನ ಇಲ್ಲ, ನುಣುಪಾದ ಧೂಳಿನಲ್ಲಿ ಹೊರಳಾಡುತ್ತದೆ. ಅದನ್ನು ನೋಡಿ ನಮ್ಮಮ್ಮ "ಬೂದಿ" ಎಂದು ಹೆಸರಿಟ್ಟರು.

ಬೂದಿ ಏನು ಸಿಕ್ಕರೂ ಕಡಿಯುತ್ತಿತ್ತು. ನಾನು 650 ರೂಪಾಯಿ ಕೊಟ್ಟು ಬಣ್ಣಬಣ್ಣದ ಪ್ಲಾಸ್ಟಿಕ್ ಆಟಿಕೆ ತರಿಸಿದೆ. ಮನೆಗೆ ಬಂದವರೆಲ್ಲ ಪ್ರೀತಿಯಿಂದ ಒಣದ್ರಾಕ್ಷಿ, ಬಾದಾಮಿ ಕೊಟ್ಟರು. ಒಣಹುಲ್ಲು ಮಾತ್ರ ಮೂಲೆಯಲ್ಲಿ ಹಾಗೇ ಬಿದ್ದಿರುತ್ತಿತ್ತು.

ಒಂದು ರಾತ್ರಿ ಮಗಳು ಬಂದು, "ಅಪ್ಪಾ, ಬೂದಿ ಬೆಳಗಿನಿಂದ ಏನೂ ತಿಂದಿಲ್ಲ" ಎಂದಳು. "ನಾಳೆ ನೋಡೋಣ ಪುಟ್ಟಿ, ಮಲಗು" ಎಂದೆ. ಮರುದಿನ ಒಪಿಡಿ ಮುಗಿಸಿ ಬರುವಷ್ಟರಲ್ಲಿ ಸಂಜೆ. ಬೂದಿಯ ಗಲ್ಲವೆಲ್ಲ ಜೊಲ್ಲಿನಿಂದ ಒದ್ದೆ, ಹಿಕ್ಕೆ ಹತ್ತಿಪ್ಪತ್ತು ಕಾಳೂ ಇರಲಿಲ್ಲ. ಪಶುವೈದ್ಯರು "ಯಾವಾಗಿನಿಂದ ತಿಂದಿಲ್ಲ?" ಎಂದರು. ಮಗಳು ಗಂಟೆಯ ಸಮೇತ ಹೇಳಿದಳು. ನಾನು ತಲೆ ತಗ್ಗಿಸಿದೆ. ಎದೆನೋವು ಬಂದರೆ ಬೆಳಗಾಗಲಿ ಎಂದು ಕಾಯಬೇಡಿ ಎಂದು ದಿನವೂ ಹೇಳುವ ಡಾಕ್ಟರ್ ನಾನು!

*ತೊಂದರೆ ಎಲ್ಲಿತ್ತು?*

ಚಿಂಚಿಲ್ಲಾದ ಹಲ್ಲುಗಳು ಸಾಯುವವರೆಗೂ ಬೆಳೆಯುತ್ತವೆ. ಮುಂದಿನ ಬಾಚಿಹಲ್ಲು ಮಾತ್ರವಲ್ಲ, ಒಳಗಿನ ದವಡೆ ಹಲ್ಲುಗಳೂ ಬೆಳೆಯುತ್ತವೆ. ನಾನು ಇದನ್ನೇ ತಿಳಿದಿರಲಿಲ್ಲ. ಕಟ್ಟಿಗೆ ಕಡಿದರೆ ಸವೆಯುವುದು ಬಹುಪಾಲು ಮುಂದಿನ ಹಲ್ಲು. ದವಡೆ ಹಲ್ಲು ಸವೆಯಬೇಕಾದರೆ ನಾರಿರುವ ಒಣಹುಲ್ಲನ್ನು ಗಂಟೆಗಟ್ಟಲೆ ಅಡ್ಡಡ್ಡ ಅರೆಯಬೇಕು. ಹುಲ್ಲು ತಿನ್ನದ ಬೂದಿಯ ದವಡೆ ಹಲ್ಲು ಮುಳ್ಳಿನಂತೆ ಬೆಳೆದು ನಾಲಿಗೆಗೆ ಚುಚ್ಚಿ ಹುಣ್ಣಾಗಿತ್ತು.

ಆ ಹಲ್ಲನ್ನು ತೇಯಲು ಅರಿವಳಿಕೆ ಬೇಕು. ಎದೆ ಪರೀಕ್ಷಿಸಿದ ಪಶುವೈದ್ಯರು ಸ್ಟೆತಸ್ಕೋಪನ್ನು ನನ್ನ ಕೈಗೂ ಕೊಟ್ಟರು. ಮೆಲ್ಲನೆ ಮರ್ಮರ್ ಕೇಳಿಸಿತು. ಚಿಂಚಿಲ್ಲಾಗಳಲ್ಲಿ ಇದು ಅಪರೂಪವಲ್ಲ, ಎಷ್ಟೋ ಸಲ ಅಪಾಯವೂ ಇಲ್ಲ. ಆದರೂ ಅರಿವಳಿಕೆಗೆ ಮುನ್ನ ಎಕೋ ಮಾಡಿಸಿದೆವು. ಬೂದಿ ಉಳಿಯಿತು. ಆದರೆ ಒಮ್ಮೆ ಕೆಟ್ಟ ದವಡೆ ಹಲ್ಲು ಪೂರ್ತಿ ಸರಿಯಾಗುವುದು ಕಷ್ಟ. ಕೆಲವು ತಿಂಗಳಿಗೊಮ್ಮೆ ತೋರಿಸಲೇಬೇಕು. ಆಟಿಕೆಗೆ 650 ಹೋದರೆ, ಆಸ್ಪತ್ರೆಗೆ ಸಾವಿರಗಟ್ಟಲೆ ಹೋಯಿತು.

*ಹಾಗಾದರೆ ಕಡಿಮೆ ಖರ್ಚಿನಲ್ಲಿ ಏನು ಕೊಡಬಹುದು?*

1. *ಒಣಹುಲ್ಲು.* ಇದೇ ಮೊದಲ ಆಟಿಕೆ, ಇದೇ ಊಟ, ಇದೇ ಔಷಧ. ದಿನದ 24 ಗಂಟೆಯೂ ಮುಂದಿರಬೇಕು. ಟಿಮೊಥಿ ಹುಲ್ಲು ದುಬಾರಿ ಎನಿಸಿದರೆ ಓಟ್ಸ್ ಹುಲ್ಲು ಆಗುತ್ತದೆ. ಕುದುರೆ ಮಸಾಲೆ ಸೊಪ್ಪಿನಲ್ಲಿ ಕ್ಯಾಲ್ಸಿಯಂ ಹೆಚ್ಚು, ದೊಡ್ಡ ಪ್ರಾಣಿಗೆ ದಿನವೂ ಬೇಡ. ಬೂಷ್ಟು ವಾಸನೆಯ ಹುಲ್ಲು ಯಾವತ್ತೂ ಬೇಡ.

2. *ಹಿಪ್ಪುನೇರಳೆ ಕಡ್ಡಿ.* ರಾಮನಗರ, ಕೋಲಾರ, ಚಿಕ್ಕಬಳ್ಳಾಪುರದ ಕಡೆಯವರಿಗೆ ಇದು ಮನೆಯ ಹಿತ್ತಲಿನ ವಸ್ತು. ರೇಷ್ಮೆ ಬೆಳೆಗಾರರು ಸವರಿ ಹಾಕಿದ ಕಡ್ಡಿಗಳನ್ನು ಊರಿಗೆ ಹೋದಾಗ ಒಂದು ಕಟ್ಟು ತನ್ನಿ. ಔಷಧ ಹೊಡೆದಿಲ್ಲ ಎಂದು ಕೇಳಿಕೊಳ್ಳಿ. ಸೇಬು, ಪೇರ್ ಮರದ ಕಡ್ಡಿಯೂ ಒಳ್ಳೆಯದು.

3. *ತುಪ್ಪದ ಹೀರೆಯ ನಾರು.* ಅಜ್ಜಿ ಮೈ ಉಜ್ಜುತ್ತಿದ್ದ ಅದೇ ಒಣ ನಾರು. ಬೀಜ ತೆಗೆದು ಬಿಲ್ಲೆಯಾಗಿ ಕತ್ತರಿಸಿ ಕೊಡಿ. ಬಣ್ಣ, ಸುವಾಸನೆ ಹಾಕಿದ್ದು ಬೇಡ.

4. *ರಟ್ಟಿನ ಕೊಳವೆ.* ಟಿಶ್ಯೂ ರೋಲ್ ಮುಗಿದ ಮೇಲೆ ಉಳಿಯುವ ಕೊಳವೆಗೆ ಹುಲ್ಲು ತುರುಕಿ ಇಡಿ. ಹುಲ್ಲು ಎಳೆಯುವುದೇ ಆಟ. ರಟ್ಟನ್ನೇ ನುಂಗುತ್ತಿದ್ದರೆ ತೆಗೆದುಬಿಡಿ.

ಕಡ್ಡಿ ಬೆರಳು ದಪ್ಪ, ಗೇಣುದ್ದ ಇರಲಿ. ಸೋಪು ಹಾಕದೆ ಬ್ರಷ್‌ನಲ್ಲಿ ಉಜ್ಜಿ, ಕುದಿಯುವ ನೀರಿನಲ್ಲಿ ಸ್ವಲ್ಪ ಹೊತ್ತು ಬೇಯಿಸಿ, ಒಳಗೂ ಹಸಿ ಇಲ್ಲದಂತೆ ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ ಕೊಡಿ.

*ಇವು ಬೇಡವೇ ಬೇಡ*

ಪ್ಲಾಸ್ಟಿಕ್, ರಬ್ಬರ್, ಬಣ್ಣ ಬಳಿದ ಮರ, ಪ್ಲೈವುಡ್ ಬೇಡ. ಮೊಳೆ ಹೊಡೆದ ಹಣ್ಣಿನ ಪೆಟ್ಟಿಗೆಯ ಹಲಗೆಯೂ ಬೇಡ. ಚಿಂಚಿಲ್ಲಾ ವಾಂತಿ ಮಾಡಲಾರದು, ನುಂಗಿದ್ದು ಕರುಳಿನಲ್ಲಿ ಸಿಕ್ಕಿಕೊಂಡರೆ ಜೀವಕ್ಕೇ ಸಂಚಕಾರ. ನಿಂಬೆ, ಕಿತ್ತಳೆ, ಪ್ಲಮ್, ಪೀಚ್, ಏಪ್ರಿಕಾಟ್, ನೀಲಗಿರಿ ಮರದ ಕಡ್ಡಿಯೂ ಬೇಡ.

ಕಣಗಿಲೆಯನ್ನಂತೂ ಮುಟ್ಟಬೇಡಿ. ಸೊಸೈಟಿ ಗಾರ್ಡನ್‌ನಲ್ಲಿ, ರಸ್ತೆ ಡಿವೈಡರ್‌ಗಳಲ್ಲಿ ಚೆಂದದ ಹೂ ಬಿಡುವ ಈ ಗಿಡದ ಎಲೆ, ಕಡ್ಡಿ, ಹೂವು ಎಲ್ಲವೂ ವಿಷ. ಹೃದಯ ರೋಗಿಗಳಿಗೆ ನಾವು ಅಳೆದು ಕೊಡುವ ಡಿಜಾಕ್ಸಿನ್ ಮಾತ್ರೆಯಂತೆಯೇ ಅದು ಹೃದಯದ ಲಯದ ಮೇಲೆ ಕೆಲಸ ಮಾಡುತ್ತದೆ. ಪ್ರಾಣಿಗೆ ಮಾತ್ರವಲ್ಲ, ಮಕ್ಕಳಿಗೂ ಅಪಾಯ. ಯಾವ ಮರ ಎಂದು ಗೊತ್ತಿಲ್ಲದಿದ್ದರೆ ಆ ಕಡ್ಡಿ ತರಬೇಡಿ.

*ದೊಡ್ಡ ಖರ್ಚು ಬೇರೆಯೇ ಇದೆ*

ಚಿಂಚಿಲ್ಲಾ ದಕ್ಷಿಣ ಅಮೆರಿಕದ ಆಂಡಿಸ್ ಪರ್ವತದ ಚಳಿಗೆ ಹುಟ್ಟಿದ ಜೀವ. ಮನುಷ್ಯರು ಅದರ ತುಪ್ಪಳಕ್ಕೆ ಬೇಟೆಯಾಡಿ ಕಾಡಿನಲ್ಲಿ ಅಳಿವಿನ ಅಂಚಿಗೆ ತಂದಿದ್ದಾರೆ. ಆ ದಟ್ಟ ತುಪ್ಪಳದೊಳಗೆ, ಬೆವರಲಾರದ ಮೈಗೆ 25 ಡಿಗ್ರಿ ದಾಟಿದರೆ ಕಷ್ಟ, ಉಷ್ಣಾಘಾತದಿಂದ ಸಾಯಬಹುದು. ಬರೀ ಫ್ಯಾನ್ ಸಾಲದು. ಚೆನ್ನೈ, ಮುಂಬೈ, ಹೈದರಾಬಾದ್, ದೆಹಲಿಯ ಬೇಸಿಗೆಯಲ್ಲಿ ಹಗಲೂ ರಾತ್ರಿ ಎಸಿ ಬೇಕು. ಗ್ರಾನೈಟ್ ಅಂಗಡಿಯಲ್ಲಿ ಉಳಿದ ಒಂದು ತುಂಡು ತಂದು ಗೂಡಿನಲ್ಲಿಟ್ಟರೆ ಮೇಲೆ ಮಲಗಿ ತಂಪು ಮಾಡಿಕೊಳ್ಳುತ್ತದೆ, ಆದರೆ ಅದು ಎಸಿಗೆ ಬದಲಿಯಲ್ಲ. ಇದು 10ರಿಂದ 20 ವರ್ಷ ಬದುಕುವ ಪ್ರಾಣಿ. ಮಕ್ಕಳು ಹಟ ಮಾಡಿದರೆಂದು ಕೊಳ್ಳುವ ಮುನ್ನ ಕರೆಂಟ್ ಬಿಲ್ ನೆನಪಿಸಿಕೊಳ್ಳಿ. ಆಗದಿದ್ದರೆ ಬೇಡ ಎನ್ನುವುದೇ ದಯೆ.

*ತಡಮಾಡಬಾರದ ಲಕ್ಷಣಗಳು*

✅ ಊಟ ಬಿಟ್ಟಿದೆ, ಅಥವಾ ಬಾಯಿಗಿಟ್ಟದ್ದು ಕೆಳಗೆ ಬೀಳುತ್ತಿದೆ
✅ ಜೊಲ್ಲಿನಿಂದ ಗಲ್ಲ ಒದ್ದೆ, ಕಣ್ಣಲ್ಲಿ ನೀರು
✅ ಹಿಕ್ಕೆ ಚಿಕ್ಕದಾಗಿದೆ, ಕಡಿಮೆಯಾಗಿದೆ
✅ ತೂಕ ಇಳಿಯುತ್ತಿದೆ (ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದಿಡಿ)

ಇಂಥ ಪ್ರಾಣಿಗಳು ನೋವನ್ನು ಕೊನೆಯವರೆಗೂ ಬಚ್ಚಿಡುತ್ತವೆ. ಅರ್ಧ ದಿನ ತಿನ್ನಲಿಲ್ಲವೆಂದರೆ ಅದನ್ನು ತುರ್ತು ಎಂದೇ ತಿಳಿಯಿರಿ. ಮೊಲ, ಗಿನಿ ಪಿಗ್ ಸಾಕಿದವರಿಗೂ ಇದೇ ಮಾತು, ಅವುಗಳ ಹಲ್ಲೂ ಬೆಳೆಯುತ್ತಲೇ ಇರುತ್ತವೆ. ಸಣ್ಣ ಪ್ರಾಣಿಗಳನ್ನು ನೋಡುವ ಪಶುವೈದ್ಯರ ನಂಬರನ್ನು ಇವತ್ತೇ ಹುಡುಕಿ ಇಟ್ಟುಕೊಳ್ಳಿ, ಎಲ್ಲ ಕಡೆ ಅವರು ಸಿಗುವುದಿಲ್ಲ.

ಇನ್ನೊಂದು ಮಾತು. ಮನೆಯ ಔಷಧಿ ಡಬ್ಬಿಯಲ್ಲಿರುವ ಅಮಾಕ್ಸಿಸಿಲಿನ್ ಅನ್ನು ಯಾವ ಕಾರಣಕ್ಕೂ ಕುಡಿಸಬೇಡಿ. ನಮಗೆ ಒಳ್ಳೆಯದು ಮಾಡುವ ಆ ಆ್ಯಂಟಿಬಯೋಟಿಕ್ ಇವುಗಳ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾವನ್ನು ಕೊಂದು ಪ್ರಾಣವನ್ನೇ ತೆಗೆಯಬಹುದು. ಮನೆಯಲ್ಲಿ ಆಸ್ತಮಾ ಇರುವ ಹಿರಿಯರಿದ್ದರೆ ಧೂಳುಸ್ನಾನ ಅವರ ಕೋಣೆಯಿಂದ ದೂರವಿರಲಿ.

ಈಗ ಬೂದಿಯ ಗೂಡಿನಲ್ಲಿ ಬಣ್ಣದ ಆಟಿಕೆ ಇಲ್ಲ. ಒಂದು ರಾಶಿ ಹುಲ್ಲು, ಅಮ್ಮ ಊರಿನಿಂದ ತಂದ ಹಿಪ್ಪುನೇರಳೆ ಕಡ್ಡಿಗಳು, ಒಂದು ಗ್ರಾನೈಟ್ ತುಂಡು ಇವೆ. ಮಗಳು ರಾತ್ರಿ ಬಂದು "ಅಪ್ಪಾ, ಏನೋ ಸರಿಯಿಲ್ಲ" ಎಂದರೆ ನಾನು ಈಗ ತಕ್ಷಣ ಎದ್ದು ಹೋಗುತ್ತೇನೆ. ನಿಮ್ಮ ಮನೆಯಲ್ಲೂ ಯಾರಾದರೂ, ಮಗುವಾಗಲಿ ಅಪ್ಪ ಅಮ್ಮ ಆಗಲಿ, ಹಾಗೆ ಹೇಳಿದರೆ ನಾಳೆ ನೋಡೋಣ ಎನ್ನಬೇಡಿ.

ಸಣ್ಣ ಪ್ರಾಣಿ ಸಾಕಿರುವ ನಿಮ್ಮ ಬಂಧು ಮಿತ್ರರಿಗೂ ಇದನ್ನು ಕಳಿಸಿ. 🙏